ಒಂದೇ ಗ್ರೂಪಿಗೆ ಇಡೀ ಫ್ಯಾಕ್ಟರಿ ತುಂಬಿದರೆ

ನರಸಾಪುರ, ವೇಮಗಲ್, ಮಾಲೂರು, ವಸಂತನರಸಾಪುರ, ಗೌರಿಬಿದನೂರು. ಕೋಲಾರ, ತುಮಕೂರು, ಚಿಕ್ಕಬಳ್ಳಾಪುರ ಜಿಲ್ಲೆಗಳ ಈ ಕೈಗಾರಿಕಾ ಪ್ರದೇಶಗಳಲ್ಲಿ ಶಿಫ್ಟ್ ಬದಲಾಗುವ ಹೊತ್ತಿಗೆ ದೊಡ್ಡ ಫ್ಯಾಕ್ಟರಿಯ ಗೇಟಿನ ಮುಂದೆ ನಿಂತರೆ ನಾಲ್ಕಾರು ಭಾಷೆ ಕಿವಿಗೆ ಬೀಳುತ್ತವೆ. ಕನ್ನಡ, ತೆಲುಗು, ಉರ್ದು, ತಮಿಳು ಮೊದಲಿನಿಂದಲೂ ಈ ಸೀಮೆಯವೇ. ಈಗ ಅವುಗಳ ಜೊತೆಗೆ ಹಿಂದಿ, ಒಡಿಯಾ, ಭೋಜಪುರಿ, ಅಸ್ಸಾಮಿ, ಬಂಗಾಳಿ ಸೇರಿವೆ. ಇಷ್ಟೂ ಜನಕ್ಕೆ ಕೆಲಸದ ಸುದ್ದಿ ಮುಟ್ಟುವ ದಾರಿ ಮಾತ್ರ ಒಂದೇ, ವಾಟ್ಸ್‌ಆ್ಯಪ್. ನೋಟಿಸ್ ಬೋರ್ಡ್ ಇದೆ, ಓದುವವರಿಲ್ಲ.

ಗ್ರೂಪಿನಲ್ಲಿ ಜಗಳ ಎದ್ದರೆ ಮ್ಯಾನೇಜ್‌ಮೆಂಟಿನ ಬಾಯಲ್ಲಿ ಬರುವ ಮೊದಲ ಮಾತು ‘ಭಾಷೆ ಗಲಾಟೆ’. ಆದರೆ ಜಗಳ ಶುರುವಾದ ಮೆಸೇಜಿನಿಂದ ಎರಡು ಮೂರು ದಿನ ಹಿಂದಕ್ಕೆ ಓದಿಕೊಂಡು ಹೋಗಿ. ಭಾನುವಾರದ ಓಟಿ ಇರುವುದು ಒಂದು ಭಾಷೆಯವರಿಗೆ ಮಧ್ಯಾಹ್ನವೇ ಗೊತ್ತಾಗಿರುತ್ತದೆ, ಇನ್ನೊಂದು ಭಾಷೆಯವರಿಗೆ ಹೆಸರು ಬರೆಸುವ ಪಟ್ಟಿ ಮುಗಿದ ಮೇಲೆ. ಓಟಿ ಅಂದರೆ ಡಬಲ್ ಸಂಬಳ. ಅದು ತಪ್ಪಿದ ಸಿಟ್ಟು ಎರಡು ದಿನ ಬಿಟ್ಟು ಯಾರದೋ ಆರ್‌ಸಿಬಿ–ಚೆನ್ನೈ ತಮಾಷೆಯ ಮೇಲೆ ಹೊರಬೀಳುತ್ತದೆ. ಆಗ ಎಲ್ಲರ ಕಣ್ಣಿಗೆ ಕಾಣುವುದು ಭಾಷೆ ಮಾತ್ರ. ಸಂಸ್ಕೃತಿ, ಸೌಹಾರ್ದ ಅಂತ ಅರ್ಧ ದಿನದ ತರಬೇತಿ ಇಟ್ಟು ಇದನ್ನು ಸರಿಮಾಡಲು ಹೊರಡುವುದು ಹಣ ದಂಡ ಮಾಡಿದ ಹಾಗೆ. ಮೊದಲು ಸರಿಯಾಗಬೇಕಾದದ್ದು ಮಾಹಿತಿ ಹರಿಯುವ ದಾರಿ.

2020ರ ಡಿಸೆಂಬರ್ 12ರಂದು ನರಸಾಪುರದ ಐಫೋನ್ ಜೋಡಣೆ ಘಟಕದಲ್ಲಿ ಕಾರ್ಮಿಕರು ನಡೆಸಿದ ದಾಂಧಲೆ ಈ ಭಾಗದಲ್ಲಿ ಯಾರಿಗೂ ಮರೆತಿಲ್ಲ. ಅದರ ಬಳಿಕ ಆ್ಯಪಲ್ ತಾನೇ ನಡೆಸಿದ ತಪಾಸಣೆಯಲ್ಲಿ ಹೇಳಿದ್ದು ಇಷ್ಟು: ಕೆಲಸದ ಗಂಟೆಗಳ ಲೆಕ್ಕ ಇಡುವ ವ್ಯವಸ್ಥೆ ಸರಿಯಿರಲಿಲ್ಲ, ಅಕ್ಟೋಬರ್ ಮತ್ತು ನವೆಂಬರಿನಲ್ಲಿ ಕೆಲವರಿಗೆ ಸಂಬಳ ತಡವಾಗಿತ್ತು. ಸಂಬಳದ ಲೆಕ್ಕ ಅರ್ಥವಾಗದೆ ಇದ್ದಾಗ, ಕೇಳಿದರೆ ಉತ್ತರ ಕೊಡುವವರು ಯಾರು ಅಂತಲೂ ಗೊತ್ತಿಲ್ಲದಿದ್ದಾಗ, ಆ ಜಾಗವನ್ನು ತುಂಬುವುದು ಫೋನು. ಗ್ರೂಪ್ ಹೇಗೆ ಕಟ್ಟಬೇಕು ಅನ್ನುವ ಪ್ರಶ್ನೆ ಇಲ್ಲಿಂದ ಶುರುವಾಗಬೇಕು.

ಸಾಮಾನ್ಯವಾಗಿ ಕಾಣುವ ಚಿತ್ರ ಹೀಗೆ: ಸೂಪರ್‌ವೈಸರ್ ತನ್ನ ಸ್ವಂತ ನಂಬರಿನಿಂದ ಒಂದು ಗ್ರೂಪ್ ಮಾಡುತ್ತಾನೆ, ಇನ್ನೂರು ಮುನ್ನೂರು ಜನರನ್ನು ಸೇರಿಸುತ್ತಾನೆ. ಶಿಫ್ಟ್ ಬದಲಾವಣೆ, ಬಸ್ ಕೆಟ್ಟದ್ದು, ಹುಟ್ಟುಹಬ್ಬದ ಶುಭಾಶಯ, ರಿಜೆಕ್ಟ್ ಆದ ಪೀಸಿನ ಫೋಟೋ, ಬೈಗುಳ, ದೇವರ ಫೋಟೋ ಎಲ್ಲವೂ ಅದರಲ್ಲೇ. ಇದರಲ್ಲಿ ಮೂರು ತೊಂದರೆಗಳು ಒಟ್ಟಿಗೆ ಇವೆ. ಬೇಕಾದ ಮೆಸೇಜು ಬೇಡದ ಮೆಸೇಜಿನ ಅಡಿಯಲ್ಲಿ ಹೂತುಹೋಗುತ್ತದೆ, ಜನ ಗ್ರೂಪನ್ನೇ ಮ್ಯೂಟ್ ಮಾಡುತ್ತಾರೆ. ಎರಡನೆಯದಾಗಿ, ಸಾಮಾನ್ಯ ಗ್ರೂಪಿನಲ್ಲಿ ಪ್ರತಿಯೊಬ್ಬರ ಫೋನ್ ನಂಬರ್ ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳಿಗೆ ರಾತ್ರಿ ಹನ್ನೊಂದಕ್ಕೆ ಗುರುತಿಲ್ಲದ ನಂಬರಿನಿಂದ ‘ಹಾಯ್’ ಬರುವುದು ಎಷ್ಟೋ ಸಲ ಇಲ್ಲಿಂದಲೇ. ಮೂರನೆಯದು, ಸೂಪರ್‌ವೈಸರ್ ಕೆಲಸ ಬಿಟ್ಟು ಹೋದ ದಿನ ಗೊತ್ತಾಗುವಂಥದ್ದು. ಇದ್ದ ಒಬ್ಬನೇ ಅಡ್ಮಿನ್ ಗ್ರೂಪಿನಿಂದ ಹೊರಬಿದ್ದರೆ ವಾಟ್ಸ್‌ಆ್ಯಪ್ ಉಳಿದವರಲ್ಲಿ ಯಾರನ್ನೋ ಒಬ್ಬರನ್ನು ತಾನೇ ಅಡ್ಮಿನ್ ಮಾಡಿಬಿಡುತ್ತದೆ. ಮುನ್ನೂರು ಜನರ ಗ್ರೂಪು ಆಗ ಯಾರ ಕೈಗೆ ಹೋಗುತ್ತದೋ ಹೇಳುವಂತಿಲ್ಲ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಕಂಪನಿಯ ಹೆಸರಿನಲ್ಲಿ ಒಂದು ಸಿಮ್ ತೆಗೆದುಕೊಂಡು, ಆ ನಂಬರಿನಿಂದ ವಾಟ್ಸ್‌ಆ್ಯಪ್ ‘ಕಮ್ಯುನಿಟಿ’ ಮಾಡಿ. ಅದರೊಳಗೆ ತಾನಾಗಿಯೇ ಒಂದು ಪ್ರಕಟಣೆ ಗ್ರೂಪ್ ಹುಟ್ಟಿಕೊಳ್ಳುತ್ತದೆ. ಅಲ್ಲಿ ಪ್ರಕಟಣೆ ಹಾಕುವುದು ಅಡ್ಮಿನ್‌ಗಳು ಮಾತ್ರ, ಸದಸ್ಯರ ನಂಬರ್ ಬೇರೆ ಸದಸ್ಯರಿಗೆ ಕಾಣುವುದಿಲ್ಲ. ಸಂಬಳ, ರಜೆ, ಓಟಿ, ಶಿಫ್ಟ್, ಸುರಕ್ಷತೆಯ ಸುದ್ದಿ ಇಲ್ಲಿಗೆ ಮಾತ್ರ ಬರಬೇಕು. ಅಡ್ಮಿನ್ ಕನಿಷ್ಠ ಇಬ್ಬರು ಇರಲಿ, ಅವರಲ್ಲಿ ಒಬ್ಬರು ಎಚ್‌ಆರ್. ಕಾಂಟ್ರಾಕ್ಟರ್ ಕಡೆಯವರೊಬ್ಬರೇ ಅಡ್ಮಿನ್ ಆಗಿರುವ ಗ್ರೂಪ್ ಬೇಡವೇ ಬೇಡ. ಅದರ ಕೆಳಗೆ ಲೈನ್‌ವಾರು ಚಿಕ್ಕ ಗ್ರೂಪ್‌ಗಳು, ಒಂದರಲ್ಲಿ 25ರಿಂದ 40 ಜನ. ಇಲ್ಲಿ ಪ್ರಶ್ನೆ ಕೇಳಬಹುದು, ಉತ್ತರ ಕೊಡಬಹುದು. ಈ ಚಿಕ್ಕ ಗ್ರೂಪಿನಲ್ಲಿ ನಂಬರ್ ಮತ್ತೆ ಕಾಣುತ್ತದೆ, ಆದ್ದರಿಂದ ಬೇಡ ಅನ್ನುವ ಹೆಣ್ಣುಮಕ್ಕಳನ್ನು ಒತ್ತಾಯದಿಂದ ಸೇರಿಸಬಾರದು. ಪ್ರಕಟಣೆ ಗ್ರೂಪ್ ಹೇಗೂ ಅವರಿಗೆ ಮುಟ್ಟುತ್ತದೆ. ಬಸ್ ರೂಟಿಗೊಂದು ಗ್ರೂಪ್ ಮಾಡಿದರೆ ಒಳ್ಳೆಯದು. ಬಂಗಾರಪೇಟೆ ಬಸ್ಸು ಕೈಕೊಟ್ಟ ಸುದ್ದಿ ಮುಳಬಾಗಿಲಿನವರಿಗೆ ಯಾಕೆ? ಹಬ್ಬ, ಹುಟ್ಟುಹಬ್ಬ, ಜೋಕು, ಕ್ರಿಕೆಟ್ಟಿಗೆ ಬೇರೆಯದೇ ಒಂದು ಗ್ರೂಪ್ ಇರಲಿ, ಇಷ್ಟವಿದ್ದವರು ಸೇರಲಿ.

ಭಾಷೆವಾರು ಹರಟೆ ಗ್ರೂಪ್ ಮಾಡುವ ಸಲಹೆ ಮಾತ್ರ ಒಪ್ಪುವಂಥದ್ದಲ್ಲ. ಅನುಕೂಲ ಅಂತ ಶುರು ಮಾಡಿದ ‘ಒಡಿಯಾ ಗ್ರೂಪ್’, ‘ಲೋಕಲ್ ಗ್ರೂಪ್’ ಕೆಲವೇ ತಿಂಗಳಲ್ಲಿ ಎರಡು ಪಾಳೆಯ ಆಗುತ್ತವೆ. ಪ್ರಕಟಣೆ ಬೇರೆ ಬೇರೆ ಭಾಷೆಯಲ್ಲಿ ಇರಲಿ, ಜನ ಒಂದೇ ಗ್ರೂಪಿನಲ್ಲಿ ಇರಲಿ.

ಯಾವ ಭಾಷೆಯಲ್ಲಿ ಹಾಕಬೇಕು ಅನ್ನುವುದಕ್ಕೆ ಸೇರುವ ದಿನವೇ ಎರಡು ಪ್ರಶ್ನೆ ಕೇಳಿ: ಯಾವ ಭಾಷೆ ಕೇಳಿದರೆ ಸಲೀಸಾಗಿ ತಿಳಿಯುತ್ತದೆ? ಯಾವ ಲಿಪಿ ಓದಲು ಬರುತ್ತದೆ? ಎರಡೂ ಒಂದೇ ಅಂದುಕೊಂಡರೆ ಈ ಸೀಮೆಯಲ್ಲಿ ಎಡವಟ್ಟಾಗುತ್ತದೆ. ಶ್ರೀನಿವಾಸಪುರ, ಬಾಗೇಪಲ್ಲಿ, ಪಾವಗಡದ ಕಡೆಯಿಂದ ಬರುವ ಎಷ್ಟೋ ಮಂದಿಗೆ ಮನೆಮಾತು ತೆಲುಗು, ಓದಿದ್ದು ಕನ್ನಡ ಶಾಲೆಯಲ್ಲಿ. ಅವರಿಗೆ ತೆಲುಗು ಲಿಪಿಯ ಮೆಸೇಜ್ ಕಳಿಸಿದರೆ ಪ್ರಯೋಜನವಿಲ್ಲ. ಉರ್ದು ಮಾತಾಡುವ ಅನೇಕರು ಓದುವುದು ಕನ್ನಡವನ್ನೇ. ದೂರದ ರಾಜ್ಯದಿಂದ ಬಂದವರಲ್ಲಿ ಹಿಂದಿ ಕೇಳಿದರೆ ತಿಳಿಯುತ್ತದೆ, ಉದ್ದನೆಯ ಹಿಂದಿ ಓದಲು ಆಗುವುದಿಲ್ಲ ಅನ್ನುವವರು ಸಿಗುತ್ತಾರೆ. ಹಾಗಾಗಿ ಬರಹ ಕನ್ನಡದಲ್ಲಿ, ಅದರ ಬೆನ್ನಿಗೇ ಹಿಂದಿ, ತೆಲುಗು, ಒಡಿಯಾ ಹೀಗೆ ನಿಮ್ಮ ಪಟ್ಟಿಯಲ್ಲಿ ಬಂದ ಭಾಷೆಗಳ ವಾಯ್ಸ್ ಮೆಸೇಜ್. ಒಂದೊಂದೂ 40 ಸೆಕೆಂಡಿನ ಒಳಗಿರಲಿ, ಅದಕ್ಕಿಂತ ಉದ್ದವಾದರೆ ಅರ್ಧಕ್ಕೆ ಬಿಡುತ್ತಾರೆ. ಎಲ್ಲ ಭಾಷೆಯದ್ದೂ ಸಿದ್ಧವಾದ ಮೇಲೆ ಒಟ್ಟಿಗೆ ಹಾಕಿ. ಕನ್ನಡದ್ದು ಈಗ, ಹಿಂದಿಯದ್ದು ಸಾಯಂಕಾಲ ಅಂದರೆ ಓಟಿ ಪಟ್ಟಿಯ ಜಗಳ ಮತ್ತೆ ಅಲ್ಲಿಗೇ ಬಂತು.

ಮೆಸೇಜ್ ಬರೆಯುವ ರೀತಿಯನ್ನೂ ಸ್ವಲ್ಪ ನೋಡಿ. ರಾತ್ರಿ 11.40ಕ್ಕೆ ಒಂದು ಮೆಸೇಜ್ ಬರುತ್ತದೆ: ‘ನಾಳೆ ಲೈನ್ 3 ಎಲ್ಲರೂ ಫಸ್ಟ್ ಶಿಫ್ಟ್, ಬೇಗ ಬರಬೇಕು, ನೋ ಎಕ್ಸ್‌ಕ್ಯೂಸ್.’ ಸೆಕೆಂಡ್ ಶಿಫ್ಟ್ ಮುಗಿಸಿ ರೂಮಿಗೆ ಹೋಗಿ ಅಡುಗೆ ಮಾಡಿ ಉಂಡವನು ಫೋನ್ ನೋಡುವ ಹೊತ್ತಿಗೆ ಗಂಟೆ ಹನ್ನೆರಡು ದಾಟಿರುತ್ತದೆ. ಅವನ ಲೆಕ್ಕದಲ್ಲಿ ‘ನಾಳೆ’ ಒಂದು ದಿನ ಮುಂದೆ ಹೋಯಿತು. ಬೇಗ ಅಂದರೆ ಎಷ್ಟು ಗಂಟೆ? ಬಸ್ಸು ಇದೆಯೋ ಇಲ್ಲವೋ? ಅದೇ ಸುದ್ದಿ ಹೀಗಿದ್ದರೆ: ‘ಲೈನ್ 3. ಬುಧವಾರ, 14ನೇ ತಾರೀಖು. ಬೆಳಿಗ್ಗೆ 6ರ ಶಿಫ್ಟ್. ಬಸ್ಸು ಎಂದಿನ ಪಾಯಿಂಟಿನಿಂದ 5.10ಕ್ಕೆ. ಬರಲು ಆಗದವರು ಈ ನಂಬರಿಗೆ ಮಂಗಳವಾರ ರಾತ್ರಿ 9ರೊಳಗೆ ಹೇಳಿ. ಕಾರಣ: ಗುರುವಾರ ಕರೆಂಟ್ ಇಲ್ಲ.’ ವಾರ, ತಾರೀಖು, ಹೊತ್ತು, ಬಸ್ಸು, ಕೇಳಬೇಕಾದವರ ನಂಬರ್, ಕಾರಣ. ಕೊನೆಯದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಕಾರಣ ಹೇಳದಿದ್ದರೆ ಜನ ತಾವೇ ಒಂದು ಕಾರಣ ಹುಡುಕಿಕೊಳ್ಳುತ್ತಾರೆ, ‘ನಮ್ಮವರಿಗೆ ಮಾತ್ರ ಹೀಗೆ ಮಾಡುತ್ತಾರೆ’ ಅನ್ನುವುದೇ ಸಾಮಾನ್ಯವಾಗಿ ಆ ಕಾರಣ.

ಶಿಫ್ಟ್ ಬದಲಾವಣೆ, ಬಸ್ ವಿಳಂಬ, ಬೆಂಕಿ ಡ್ರಿಲ್, ಸಂಬಳ ಜಮೆ, ಕ್ಯಾಂಟೀನ್ ಹೊತ್ತು: ಇಂಥ ಮೂವತ್ತು ಮೆಸೇಜುಗಳ ಮಾದರಿಯನ್ನು ಎಲ್ಲ ಭಾಷೆಯಲ್ಲೂ ಒಂದು ಸಲ ಸಿದ್ಧ ಮಾಡಿಟ್ಟುಕೊಂಡರೆ ಮುಕ್ಕಾಲು ಕೆಲಸ ಮುಗಿಯಿತು. ತಾರೀಖು, ಗಂಟೆ ಬದಲಿಸಿದರೆ ಸಾಕು. ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಒಡಿಯಾ 2020ರಲ್ಲಿ, ಅಸ್ಸಾಮಿ ಮತ್ತು ಭೋಜಪುರಿ 2022ರಲ್ಲಿ ಬಂದವು. ಬಸ್ಸಿನ ಸುದ್ದಿಗೆ ಪರವಾಗಿಲ್ಲ. ಮಷೀನು, ಕೆಮಿಕಲ್, ಕರೆಂಟಿನ ವಿಷಯಕ್ಕೆ ಅದನ್ನೇ ನಂಬಿಕೊಂಡು ಕೂರಬೇಡಿ. ಎರಡು ಭಾಷೆ ಬಲ್ಲ ಲೈನ್ ಲೀಡರ್ ಹೇಳಿದ್ದನ್ನೂ ಅದೇ ಭಾಷೆಯ ಇನ್ನೊಬ್ಬರಿಗೆ ಕೇಳಿಸಿ, ‘ಏನಂತ ತಿಳೀತು, ಹೇಳಿ ನೋಡೋಣ’ ಅಂತ ಕೇಳಿ. ಲೀಡರ್ ತನ್ನದೊಂದು ಎಚ್ಚರಿಕೆ, ತನ್ನದೊಂದು ಗದರಿಕೆ ಸೇರಿಸಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಗದರಿಕೆಗೆ ಬಂದರೆ, ಗ್ರೂಪಿನಲ್ಲಿ ಯಾರನ್ನೂ ಹೆಸರು ಹಿಡಿದು ಬೈಯಬಾರದು. ರಿಜೆಕ್ಟ್ ಪೀಸಿನ ಫೋಟೋ ಹಾಕಿ, ಹೆಸರು ಹಾಕಬೇಡಿ. ಮಷೀನ್ ಪಕ್ಕ ತೂಕಡಿಸಿದವನ ಫೋಟೋ ಅಂತೂ ಬೇಡ. ಎದುರಿಗೆ ಬೈದದ್ದು ಅಲ್ಲಿಗೇ ಮುಗಿಯುತ್ತದೆ, ಗ್ರೂಪಿನಲ್ಲಿ ಬೈದದ್ದು ಸ್ಕ್ರೀನ್‌ಶಾಟ್ ಆಗಿ ಅವನ ಊರಿಗೂ ಹೋಗುತ್ತದೆ. ಹೊರರಾಜ್ಯದವನನ್ನು ಇಲ್ಲಿಗೆ ಕೆಲಸಕ್ಕೆ ಕರೆತಂದದ್ದು ಅವನ ಊರಿನವರೇ ಆಗಿರುತ್ತಾರೆ, ಮರ್ಯಾದೆ ಹೋಯಿತು ಅಂತ ಒಬ್ಬನ ಜೊತೆ ಆರೇಳು ಜನ ಒಟ್ಟಿಗೆ ಗಂಟುಮೂಟೆ ಕಟ್ಟಿದರೆ ಲೈನ್ ನಿಲ್ಲುತ್ತದೆ. ಏಕವಚನದ ಮಾತೂ ಹಾಗೆಯೇ. ಹೊಸಬರು ಕನ್ನಡ ಕಲಿಯುವುದು ಗೆಳೆಯರ ಬಾಯಿಂದ, ‘ಬಾ’, ‘ಹೋಗು’ ಮೊದಲು ಬರುತ್ತದೆ, ‘ಬನ್ನಿ’ ಆಮೇಲೆ. ಎದುರಾಎದುರು ಮಾತಾಡುವಾಗ ನಗು ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ಟೈಪ್ ಮಾಡಿದಾಗ ನಗು ಕಾಣುವುದಿಲ್ಲ. ಹೊಸಬರಿಗೆ ಮೊದಲ ವಾರವೇ ಹತ್ತು ಬಹುವಚನದ ವಾಕ್ಯ ಕಲಿಸಿ, ಇಲ್ಲಿನವರಿಗೂ ಹಿಂದಿಯಲ್ಲಿ ‘ತೂ’ ಅಂತ ಕರೆಯದಿರಲು ಹೇಳಿ.

ಗಾಳಿಸುದ್ದಿಯ ವಿಷಯದಲ್ಲಿ ಹೊತ್ತು ಮುಖ್ಯ. 2012ರ ಆಗಸ್ಟಿನಲ್ಲಿ ಹಲ್ಲೆಯ ವದಂತಿ ನಂಬಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರಿನಿಂದ ರೈಲು ಹತ್ತಿದ್ದರು, ಕೇಂದ್ರ ಸರ್ಕಾರ 15 ದಿನ ಬಲ್ಕ್ ಎಸ್ಸೆಮ್ಮೆಸ್ ತಡೆಯಬೇಕಾಯಿತು. ಆಗ ವಾಟ್ಸ್‌ಆ್ಯಪ್ ಇಷ್ಟು ಹಬ್ಬಿರಲೇ ಇಲ್ಲ. ಈಗ ಒಂದು ಮೆಸೇಜನ್ನು ಒಮ್ಮೆಗೆ ಐದು ಚಾಟಿಗೆ ಮಾತ್ರ ಫಾರ್ವರ್ಡ್ ಮಾಡಬಹುದು, ಹಲವು ಸಲ ಫಾರ್ವರ್ಡ್ ಆಗಿ ಜೋಡಿ ಬಾಣದ ಗುರುತು ಬಿದ್ದದ್ದನ್ನು ಒಂದೇ ಚಾಟಿಗೆ. ಆ ಜೋಡಿ ಬಾಣವನ್ನು ಗುರುತು ಹಿಡಿಯುವುದನ್ನು ಎಲ್ಲರಿಗೂ ತೋರಿಸಿಕೊಡಿ. ಆದರೂ ವದಂತಿ ಹಬ್ಬಿದರೆ ‘ಯಾರೂ ನಂಬಬೇಡಿ’ ಅನ್ನುವ ಒಂದು ಸಾಲಿನಿಂದ ಏನೂ ಆಗದು. ಎರಡು ಗಂಟೆಯೊಳಗೆ ಅವರ ಭಾಷೆಯವರೇ ಒಬ್ಬರು ವಾಯ್ಸ್ ಮೆಸೇಜ್ ಹಾಕಬೇಕು, ಎಚ್‌ಆರ್‌ನವರು ಅವರು ಇರುವ ಪೀಜಿಗೋ ಹಾಸ್ಟೆಲಿಗೋ ಖುದ್ದಾಗಿ ಹೋಗಬೇಕು. ಕಾವೇರಿ ಗಲಾಟೆಯ ದಿನಗಳಲ್ಲಿ ತಮಿಳು ಮಾತಾಡುವವರಿಗೂ ಇದೇ ಕ್ರಮ.

ಕಾನೂನಿನ ಮಾತು ಚಿಕ್ಕದಾಗಿ. ಗ್ರೂಪಿನಲ್ಲಿ ಬೇರೆಯವರು ಹಾಕಿದ ಮೆಸೇಜಿಗೆ, ಅಡ್ಮಿನ್ ಅನ್ನುವ ಒಂದೇ ಕಾರಣಕ್ಕೆ ಹೊಣೆಯಾಗುವುದಿಲ್ಲ ಅಂತ ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಅದನ್ನು ನಂಬಿಕೊಂಡು ಕಂಪನಿ ಸುಮ್ಮನಿರುವಂತಿಲ್ಲ. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಮಂದಿ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಕಾಂಟ್ರಾಕ್ಟ್ ಮಹಿಳೆಯರೂ ಅದರ ವ್ಯಾಪ್ತಿಗೆ ಬರುತ್ತಾರೆ. ದೂರು ಕೊಡಲು ಮೂರು ತಿಂಗಳು, ವಿಚಾರಣೆ ಮುಗಿಸಲು 90 ದಿನ. ಸಮಿತಿಯವರ ಹೆಸರು, ನಂಬರ್ ಪ್ರಕಟಣೆ ಗ್ರೂಪಿನಲ್ಲಿ ಪಿನ್ ಆಗಿರಲಿ, ಎಲ್ಲ ಭಾಷೆಯಲ್ಲೂ. ಜಾತಿ ಹಿಡಿದು ಬೈದದ್ದನ್ನು ‘ಇಬ್ಬರನ್ನೂ ಕರೆದು ಕೈ ಕುಲುಕಿಸಿ’ ಮುಗಿಸುವ ಚಾಳಿ ಇದೆ. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆ ಇರುವಾಗ ಅದು ಎಚ್‌ಆರ್ ತೀರ್ಮಾನ ಮಾಡುವ ವಿಷಯವೇ ಅಲ್ಲ. ದೂರು ಬಂದ ಕೂಡಲೇ ಅಡ್ಮಿನ್ ಮೆಸೇಜ್ ಡಿಲೀಟ್ ಮಾಡುವುದು ದೊಡ್ಡ ತಪ್ಪು. ಮೊದಲು ತಾರೀಖು, ಗಂಟೆ, ನಂಬರ್ ಕಾಣುವ ಹಾಗೆ ಸ್ಕ್ರೀನ್‌ಶಾಟ್, ಆಮೇಲೆ ಚಾಟ್ ಎಕ್ಸ್‌ಪೋರ್ಟ್, ಆಮೇಲೆ ಡಿಲೀಟ್. ಅಡ್ಮಿನ್ ಡಿಲೀಟ್ ಮಾಡಿದರೆ ದೂರುದಾರರ ಫೋನಿನಲ್ಲಿದ್ದ ಮೂಲ ಮೆಸೇಜೂ ಹೋಗುತ್ತದೆ, ಆದ್ದರಿಂದ ಈ ಕ್ರಮ ತಪ್ಪಬಾರದು. ಕೆಲಸದ ಗ್ರೂಪಿನಲ್ಲಿ ಮೆಸೇಜ್ ತಾನಾಗಿ ಮಾಯವಾಗುವ ಸೆಟ್ಟಿಂಗ್ ಆಫ್ ಇರಬೇಕು. ಪಿಎಫ್ ಕೆಲಸಕ್ಕೆ ಅಂತ ಆಧಾರ್, ಪಾಸ್‌ಬುಕ್ ಫೋಟೋಗಳನ್ನು ಗ್ರೂಪಿಗೇ ಹಾಕಿಸುವ ಕಾಂಟ್ರಾಕ್ಟರ್‌ಗಳನ್ನು ಇವತ್ತೇ ನಿಲ್ಲಿಸಿ. ಅಂಥವು ಎಚ್‌ಆರ್ ನಂಬರಿಗೆ ನೇರ ಹೋಗಲಿ.

ರೀಲ್ಸ್‌ಗೆ ‘ಎಲ್ಲ ಬಂದ್’ ಅನ್ನುವ ನಿಯಮ ನಿಲ್ಲುವುದಿಲ್ಲ, ಕದ್ದು ಮಾಡುತ್ತಾರೆ. ಓಡುವ ಮಷೀನಿನ ಬಳಿ, ಗಿರಾಕಿ ಕಂಪನಿಯ ಲೇಬಲ್ ಅಥವಾ ಸೀರಿಯಲ್ ನಂಬರ್ ಕಾಣುವ ಕಡೆ, ಒಪ್ಪದ ಸಹೋದ್ಯೋಗಿ ಫ್ರೇಮಿನಲ್ಲಿರುವಾಗ ಬೇಡ. ಕ್ಯಾಂಟೀನಿನ ಹೊರಗೋ ಗೇಟಿನ ತೋಟದಲ್ಲೋ ಒಂದು ಜಾಗ ತೋರಿಸಿಕೊಟ್ಟರೆ ಜಗಳವಿಲ್ಲ. ಊಟದ ಡಬ್ಬಿಯ ಫೋಟೋ ಹಾಕಿ ‘ಏನಪ್ಪಾ ಇದು ವಾಸನೆ’ ಅನ್ನುವುದನ್ನು ತಮಾಷೆ ಅಂತ ಬಿಡಬೇಡಿ. ಮೇಲಿನವರು ಕೆಳಗಿನವರಿಗೆ ಇನ್‌ಸ್ಟಾಗ್ರಾಮ್ ರಿಕ್ವೆಸ್ಟ್ ಕಳಿಸಬಾರದು ಅನ್ನುವುದನ್ನು ಬರೆದೇ ಇಡಿ.

ಇನ್ನು ಹಬ್ಬದ ರಜೆ. ಕರ್ನಾಟಕದ 1963ರ ಕಾಯ್ದೆಯಂತೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಖಾಯಂ, ಅದರ ಮೇಲೆ ಐದು ಹಬ್ಬದ ರಜೆ. ಆ ಐದನ್ನು ಗ್ರೂಪಿನಲ್ಲಿ ಪೋಲ್ ಹಾಕಿ ಆರಿಸುವುದು ಸುಲಭ ಅನ್ನಿಸುತ್ತದೆ. ಹಾಗೆ ಮಾಡಿದರೆ ಯುಗಾದಿ, ದೀಪಾವಳಿ, ಆಯುಧಪೂಜೆ ಪ್ರತಿ ವರ್ಷ ಗೆಲ್ಲುತ್ತವೆ. ಬಿಹಾರದ ಕಡೆಯ ಛಠ್, ಒಡಿಶಾದ ‘ರಜ’ ಹಬ್ಬ, ಅಸ್ಸಾಮಿನ ಬಿಹು ಪ್ರತಿ ವರ್ಷ ಸೋಲುತ್ತವೆ. ಯಾರು ಯಾವುದಕ್ಕೆ ಒತ್ತಿದರು ಅಂತಲೂ ಕಾಣುವುದರಿಂದ ಮುನಿಸು ಬೇರೆ. ಪೋಲಿಗಿಂತ ನವೆಂಬರಿನಲ್ಲೇ ಮುಂದಿನ ವರ್ಷದ ಪಟ್ಟಿಯನ್ನು ಕಾರ್ಮಿಕರ ಪ್ರತಿನಿಧಿಗಳ ಜೊತೆ ಕೂತು ಮಾಡಿ, ಉಳಿದವರಿಗೆ ತಮ್ಮ ಹಬ್ಬದ ದಿನ ಶಿಫ್ಟ್ ಅದಲುಬದಲು ಮಾಡಿಕೊಳ್ಳುವ ಅವಕಾಶ ಬರೆದುಕೊಡಿ. ಛಠ್ ದೀಪಾವಳಿಯಾದ ಆರನೇ ದಿನ, ಊರಿಗೆ ಹೋಗುವವರು ರೈಲು ಟಿಕೆಟನ್ನು ಎರಡು ತಿಂಗಳು ಮುಂಚೆಯೇ ಮಾಡಿಸಿರುತ್ತಾರೆ. ರಜೆ ಅರ್ಜಿಯ ಮೆಸೇಜ್ ಆಗಸ್ಟಿನಲ್ಲೇ ಪ್ರಕಟಣೆ ಗ್ರೂಪಿಗೆ ಹೋದರೆ ಆ ವಾರ ಲೈನಿಗೆ ಎಷ್ಟು ಜನ ಕಡಿಮೆ ಅನ್ನುವುದು ಪ್ರೊಡಕ್ಷನ್‌ನವರಿಗೂ ಮೊದಲೇ ಗೊತ್ತಿರುತ್ತದೆ.