ಬೆನ್ನೆಲುಬಿನ ಪ್ರಾಣಿಗಳು: ದವಡೆ, ಕಾಲು, ಮೊಟ್ಟೆ, ಕಿವಿ

ಪಿಯುಸಿ ಜೀವಶಾಸ್ತ್ರದಲ್ಲಿ ಕಶೇರುಕಗಳ ವರ್ಗಗಳನ್ನು ಬಾಯಿಪಾಠ ಮಾಡುವವರೇ ಜಾಸ್ತಿ. ಮೀನಿನ ಹೃದಯಕ್ಕೆ ಎರಡು ಕೋಣೆ, ಕಪ್ಪೆಗೆ ಮೂರು, ಹಕ್ಕಿಗೆ ನಾಲ್ಕು ಅಂತ ಸುಮ್ನೆ ಉರು ಹೊಡೆದರೆ ಎರಡು ವಾರಕ್ಕೆ ಮರೆತು ಹೋಗುತ್ತದೆ. ಯಾವ ಗುಣ ಮೊದಲು ಬಂತು, ಯಾವುದು ಆಮೇಲೆ ಬಂತು ಅಂತ ಓದಿ. ಆಗ ಯಾವ ಪ್ರಾಣಿ ಯಾವ ಗುಂಪಿಗೆ ಸೇರಬೇಕು ಅನ್ನೋದು ತಾನಾಗಿಯೇ ಗೊತ್ತಾಗುತ್ತದೆ.

ಶುರು ಮಾಡಬೇಕಾದದ್ದು ಕಾರ್ಡೇಟಾದಿಂದ. ಈ ವಂಶದ ಗುರುತುಗಳು ನಾಲ್ಕು: ಬೆನ್ನಿನುದ್ದಕ್ಕೂ ಸಾಗುವ ನೋಟೋಕಾರ್ಡ್ ಎಂಬ ಬಾಗುವ ಸರಳು, ಅದರ ಮೇಲೆ ಟೊಳ್ಳಾದ ನರಹುರಿ, ಗಂಟಲಲ್ಲಿ ಸೀಳುಗಳು, ಗುದದ್ವಾರದಿಂದ ಹಿಂದಕ್ಕೆ ಚಾಚಿದ ಬಾಲ. ನಾವು ಭ್ರೂಣವಾಗಿದ್ದಾಗ ನಮಗೂ ನೋಟೋಕಾರ್ಡ್ ಇತ್ತು, ಬಾಲವೂ ಇತ್ತು. ಕಶೇರುಕಗಳಲ್ಲಿ ನೋಟೋಕಾರ್ಡ್‌ನ ಜಾಗವನ್ನು ಬೆನ್ನುಮೂಳೆ ತೆಗೆದುಕೊಳ್ಳುತ್ತದೆ. ಹಾಗಾಗಿ ಕಶೇರುಕಗಳೆಲ್ಲ ಕಾರ್ಡೇಟ್‌ಗಳೇ, ಆದರೆ ಆಂಫಿಯಾಕ್ಸಸ್, ಅಸಿಡಿಯನ್‌ನಂಥ ಕಾರ್ಡೇಟ್‌ಗಳಿಗೆ ಬೆನ್ನುಮೂಳೆ ಇಲ್ಲ. ಅಸಿಡಿಯನ್ ಬೆಳೆದ ಮೇಲೆ ಸಮುದ್ರದ ಬಂಡೆಗೆ ಅಂಟಿ ಕೂತುಬಿಡುತ್ತದೆ. ನೋಡಿದರೆ ಪ್ರಾಣಿ ಅಂತಲೇ ಅನ್ನಿಸುವುದಿಲ್ಲ. ಅದರ ಮರಿಯ ಬಾಲದಲ್ಲಿ ನೋಟೋಕಾರ್ಡ್ ಇದೆ ಅಂತ 1866ರಲ್ಲಿ ರಷ್ಯಾದ ಅಲೆಕ್ಸಾಂಡರ್ ಕೊವಲೆವ್ಸ್ಕಿ ತೋರಿಸಿದರು. ಮೀನಿನಂತೆ ಕಾಣುವ ಆಂಫಿಯಾಕ್ಸಸ್‌ಗಿಂತ ಈ ಅಸಿಡಿಯನ್ ಬಳಗವೇ ನಮಗೆ ಹತ್ತಿರ ಅಂತ 2006ರಲ್ಲಿ ಜೀನ್‌ಗಳ ಹೋಲಿಕೆಯಿಂದ ತಿಳಿದುಬಂತು. ರೂಪ ನೋಡಿ ಗುಂಪು ಮಾಡಿದರೆ ಎಷ್ಟು ದಾರಿ ತಪ್ಪುತ್ತೇವೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಮೊದಮೊದಲ ಕಶೇರುಕಗಳಿಗೆ ದವಡೆ ಇರಲಿಲ್ಲ. ಚೀನಾದ ಚೆಂಗ್‌ಜಿಯಾಂಗ್‌ನಲ್ಲಿ ಸಿಕ್ಕ ಹೈಕೌಯಿಕ್ತಿಸ್‌ನ ಪಳೆಯುಳಿಕೆ ಸುಮಾರು 51.8 ಕೋಟಿ ವರ್ಷ ಹಳೆಯದು. ಉದ್ದ ಮೂರು ಸೆಂಟಿಮೀಟರ್ ಕೂಡ ಇಲ್ಲ. ಇಂದು ಉಳಿದಿರುವ ದವಡೆಯಿಲ್ಲದ ಬಳಗ ಎರಡೇ: ಲ್ಯಾಂಪ್ರೆ ಮತ್ತು ಹ್ಯಾಗ್‌ಫಿಶ್. ಲ್ಯಾಂಪ್ರೆಗಳಲ್ಲಿ ಹಲವು ದುಂಡಗಿನ ಬಾಯಿಯಿಂದ ಬೇರೆ ಮೀನಿಗೆ ಅಂಟಿಕೊಂಡು ರಕ್ತ ಹೀರುತ್ತವೆ.

ದವಡೆ ಬಂದ ಮೇಲೆ ಎಲ್ಲವೂ ಬದಲಾಯಿತು. ಕಿವಿರುಗಳಿಗೆ ಆಧಾರವಾಗಿದ್ದ ಕಮಾನುಗಳ ಸಾಲಿನಲ್ಲಿ ಮುಂದಿನದೇ ದವಡೆಯಾಯಿತು ಅನ್ನೋದು ಬಹುಕಾಲದಿಂದ ಒಪ್ಪಿರುವ ವಿವರಣೆ. ಭ್ರೂಣದಲ್ಲಿ ದವಡೆಯೂ ಕಿವಿರ ಕಮಾನುಗಳೂ ಒಂದೇ ಸಾಲಿನಲ್ಲಿ ಮೂಡುವುದು ಇದಕ್ಕೆ ಬಲ ಕೊಡುತ್ತದೆ. ಈ ಮೂಳೆಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ದವಡೆಯಿರುವ ಮೀನುಗಳಲ್ಲಿ ಶಾರ್ಕ್, ತೊರಕೆಗಳು ಮೃದ್ವಸ್ಥಿ ಮೀನುಗಳು. ಇವುಗಳಿಗೆ ಗಾಳಿಚೀಲ ಇಲ್ಲ, ಈಜು ನಿಲ್ಲಿಸಿದರೆ ಮುಳುಗುತ್ತವೆ. ಮೆತ್ತನೆಯ ಮೃದ್ವಸ್ಥಿ ಮೊದಲು, ಗಟ್ಟಿ ಮೂಳೆ ಆಮೇಲೆ ಅಂತ ನಮ್ಮಲ್ಲಿ ತುಂಬ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ. ಶಾರ್ಕ್‌ಗಳಿಗೂ ಮುಂಚೆ ಬಂದ ಮೀನುಗಳಿಗೆ ಎಲುಬಿನ ಕವಚವಿತ್ತು. ಚೀನಾದ ಯುನ್ನಾನ್‌ನಲ್ಲಿ ಸಿಕ್ಕ, 2013ರಲ್ಲಿ ವರದಿಯಾದ ಎಂಟೆಲೊಗ್ನಾಥಸ್ ಸುಮಾರು 41.9 ಕೋಟಿ ವರ್ಷ ಹಿಂದಿನದು. ಅದರ ದವಡೆಯ ಮೂಳೆಗಳು ಈಗಿನ ಮೂಳೆಮೀನುಗಳನ್ನೇ ಹೋಲುತ್ತವೆ. ಅಂದರೆ ಶಾರ್ಕ್ ಬಳಗ ತನಗಿದ್ದ ಮೂಳೆಯನ್ನು ಕಳೆದುಕೊಂಡಿದೆ.

ಮೂಳೆಮೀನುಗಳಲ್ಲಿ ಎರಡು ಕವಲು. ಬಂಗುಡೆ, ಭೂತಾಯಿ, ರೋಹು ಇವೆಲ್ಲ ಕಡ್ಡಿಯಂಥ ಮೂಳೆಗಳು ಹರಡಿರುವ ಈಜುರೆಕ್ಕೆಯವು. ಇನ್ನೊಂದು ಕವಲಿನ ಮೀನುಗಳ ಈಜುರೆಕ್ಕೆಯ ಬುಡದಲ್ಲಿ ಮಾಂಸ ತುಂಬಿದೆ, ಒಳಗೆ ಒಂದರ ಹಿಂದೊಂದು ಮೂಳೆ ಜೋಡಿಸಿದೆ. ಸೀಲಕಾಂತ್, ಲಂಗ್‌ಫಿಶ್ ಈ ಕವಲಿನವು. ಸೀಲಕಾಂತ್ ಎಂದೋ ನಶಿಸಿತು ಅಂತ ಎಲ್ಲರೂ ನಂಬಿದ್ದರು. 1938ರಲ್ಲಿ ದಕ್ಷಿಣ ಆಫ್ರಿಕಾದ ಈಸ್ಟ್ ಲಂಡನ್‌ನ ಮ್ಯೂಸಿಯಂನಲ್ಲಿದ್ದ ಮಾರ್ಜರಿ ಕೋರ್ಟ್ನಿ-ಲ್ಯಾಟಿಮರ್, ಮೀನುಗಾರರು ತಂದ ರಾಶಿಯಲ್ಲಿ ಅದನ್ನು ಕಂಡು ಎತ್ತಿಟ್ಟರು. ಅದಕ್ಕೇ ಅದರ ಹೆಸರು ಲ್ಯಾಟಿಮೇರಿಯಾ.

ನಾಲ್ಕು ಕಾಲಿನ ಪ್ರಾಣಿಗಳೆಲ್ಲ ಈ ಎರಡನೇ ಕವಲಿನಿಂದಲೇ ಬಂದವು. ಅಂದಮೇಲೆ ಲಂಗ್‌ಫಿಶ್‌ಗೆ ಬಂಗುಡೆಗಿಂತ ಹಸುವೇ ಹತ್ತಿರದ ನೆಂಟ! ಕಾಲು ಮೂಡಿದ ದಾರಿಯಲ್ಲಿ ಟಿಕ್ಟಾಲಿಕ್ ಬರುತ್ತದೆ. 2004ರಲ್ಲಿ ನೀಲ್ ಶುಬಿನ್ ಮತ್ತು ಜೊತೆಗಾರರಿಗೆ ಇದು ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಸಿಕ್ಕಿತು. ಅವರು ಎಲ್ಲೋ ಅಗೆದು ಅದೃಷ್ಟ ನೋಡಿದ್ದಲ್ಲ. ಮೀನಿಗೂ ಕಾಲಿನ ಪ್ರಾಣಿಗೂ ನಡುವಿನ ರೂಪ ಸುಮಾರು 37.5 ಕೋಟಿ ವರ್ಷ ಹಳೆಯ ಬಂಡೆಯಲ್ಲಿರಬೇಕು ಅಂತ ಲೆಕ್ಕ ಹಾಕಿ, ಆ ವಯಸ್ಸಿನ ಬಂಡೆ ಇರುವ ಕಡೆ ವರ್ಷಗಟ್ಟಲೆ ಹುಡುಕಿದರು. ಟಿಕ್ಟಾಲಿಕ್‌ಗೆ ಹುರುಪೆ, ಈಜುರೆಕ್ಕೆ ಎರಡೂ ಇವೆ. ಜೊತೆಗೆ ಅತ್ತಿತ್ತ ತಿರುಗುವ ಕತ್ತೂ ಇದೆ, ರೆಕ್ಕೆಯೊಳಗೆ ಮಣಿಕಟ್ಟಿನಂಥ ಮೂಳೆಗಳೂ ಇವೆ. ಆಮೇಲೆ ಬಂದ ಅಕ್ಯಾಂತೊಸ್ಟೆಗಾಗೆ ಕಾಲಿತ್ತು, ಮುಂಗಾಲಿನಲ್ಲಿ ಎಂಟು ಬೆರಳು! ಕಿವಿರೂ ಇದ್ದ ಅದು ಹೆಚ್ಚಾಗಿ ನೀರಿನಲ್ಲೇ ಬದುಕಿತ್ತು. ನೆಲಕ್ಕೆ ಬಂದ ಮೇಲೆ ಕಾಲು ಮೂಡಿತು ಅನ್ನೋದು ಹೀಗೆ ತಲೆಕೆಳಗಾಯಿತು. ಕಾಲು ಮೂಡಿದ್ದು ನೀರಿನಲ್ಲೇ.

ಉಭಯವಾಸಿಗಳ ಮೊಟ್ಟೆಗೆ ಚಿಪ್ಪಿಲ್ಲ, ಒಣಗಿದರೆ ಸಾಯುತ್ತದೆ. ಹಾಗಾಗಿ ನೀರು ಅಥವಾ ತೇವ ಬೇಕೇ ಬೇಕು. ಕಪ್ಪೆ ಒಂದೇ ಉಭಯವಾಸಿ ಅಂದುಕೊಳ್ಳಬೇಡಿ. ಪಶ್ಚಿಮ ಘಟ್ಟದ ಮಣ್ಣಿನಲ್ಲಿರುವ ಕಾಲಿಲ್ಲದ ಇಕ್ತಿಯೋಫಿಸ್ ಕೂಡ ಇದೇ ವರ್ಗ. ಪರೀಕ್ಷೆಯಲ್ಲಿ ಇದನ್ನು ಹಾವಿನ ಜೊತೆ ಸೇರಿಸುವವರು ತುಂಬ.

ಭ್ರೂಣದ ಸುತ್ತ ಆಮ್ನಿಯಾನ್ ಎಂಬ ನೀರು ತುಂಬಿದ ಪೊರೆ ಬಂದ ಮೇಲೆ ಪ್ರಾಣಿಗಳು ಕೆರೆ ಹೊಳೆಯಿಂದ ದೂರ ಹೋಗಿ ಮೊಟ್ಟೆ ಇಡಬಲ್ಲವಾದವು. ಕೆನಡಾದ ಜಾಗಿನ್ಸ್‌ನಲ್ಲಿ ಸಿಕ್ಕ, 31 ಕೋಟಿ ವರ್ಷಕ್ಕೂ ಹಳೆಯ ಹೈಲೊನೊಮಸ್ ಇಂಥ ಮೊದಲಿಗರಲ್ಲಿ ಒಂದು. ಈ ಬಳಗ ಬೇಗನೆ ಎರಡಾಯಿತು. ಕಣ್ಣಿನ ಹಿಂದೆ ತಲೆಬುರುಡೆಯಲ್ಲಿ ಒಂದೊಂದು ಕಿಂಡಿ ಇದ್ದವು ಸೈನಾಪ್ಸಿಡ್, ಸಸ್ತನಿಗಳಾದ ನಮ್ಮ ಕಡೆಯವು. ಇನ್ನೊಂದು ಕಡೆಯಲ್ಲಿ ಎರಡೆರಡು ಕಿಂಡಿಯ ಡಯಾಪ್ಸಿಡ್‌ಗಳು ಬಂದವು. ಹಲ್ಲಿ, ಹಾವು, ಮೊಸಳೆ, ಹಕ್ಕಿ ಇವೆಲ್ಲ ಅಲ್ಲಿಯವು. ಸಸ್ತನಿಗಳು ಸರೀಸೃಪಗಳಿಂದ ಬಂದವು ಅಂತ ಬರೆಯುವುದು ಇವತ್ತಿನ ತಿಳಿವಳಿಕೆಗೆ ಸರಿಹೊಂದುವುದಿಲ್ಲ.

ಈಗ ದವಡೆಯ ಮೂಳೆಗಳಿಗೆ ಬರೋಣ. ನಮ್ಮ ನಡುಗಿವಿಯಲ್ಲಿ ಮೂರು ಪುಟ್ಟ ಮೂಳೆಗಳಿವೆ, ಸರೀಸೃಪಗಳಲ್ಲಿ ಒಂದೇ. ಉಳಿದೆರಡು ಎಲ್ಲಿಂದ ಬಂದವು? ಹಲ್ಲಿಯಲ್ಲಿ ಮೇಲ್ದವಡೆಗೂ ಕೆಳದವಡೆಗೂ ಕೀಲಾಗಿರುವ ಕ್ವಾಡ್ರೇಟ್, ಆರ್ಟಿಕ್ಯುಲರ್ ಮೂಳೆಗಳೇ ನಮ್ಮಲ್ಲಿ ಇಂಕಸ್, ಮ್ಯಾಲಿಯಸ್ ಆಗಿವೆ. ಇದನ್ನು ಜರ್ಮನಿಯ ಕಾರ್ಲ್ ರೈಕರ್ಟ್ 1837ರಲ್ಲೇ ಭ್ರೂಣಗಳನ್ನು ನೋಡಿ ಗುರುತಿಸಿದರು. ಡಾರ್ವಿನ್ ಪುಸ್ತಕ ಬರಲು ಇನ್ನೂ 22 ವರ್ಷ ಇತ್ತು! ಕೀಲನ್ನೇ ಕಳಚಿದರೆ ನಡುವಿನ ಕಾಲದಲ್ಲಿ ಪ್ರಾಣಿ ಅಗಿಯುತ್ತಿದ್ದದ್ದು ಹೇಗೆ ಅಂತ ಕೇಳಬಹುದು ಅಲ್ವಾ? ಮಾರ್ಗನುಕೋಡಾನ್ ಎಂಬ ಇಲಿಗಾತ್ರದ ಪ್ರಾಣಿಯ ಪಳೆಯುಳಿಕೆಯಲ್ಲಿ ಹಳೆಯ ಕೀಲು, ಹೊಸ ಕೀಲು ಎರಡೂ ಅಕ್ಕಪಕ್ಕದಲ್ಲೇ ಇವೆ. ಒಪೋಸಮ್ ಎಂಬ ಸಸ್ತನಿಯ ಮರಿ ಹುಟ್ಟಿದಾಗ ಈ ಮೂಳೆಗಳು ಇನ್ನೂ ಕೆಳದವಡೆಗೆ ಅಂಟಿಕೊಂಡೇ ಇರುತ್ತವೆ, ಬೆಳೆಯುತ್ತಾ ಬಿಟ್ಟುಕೊಳ್ಳುತ್ತವೆ. ಮೂರನೆಯ ಮೂಳೆ ಸ್ಟೇಪಿಸ್ ಕೂಡ ಮೀನಿನಲ್ಲಿ ದವಡೆಗೆ ಆಧಾರವಾಗಿದ್ದದ್ದೇ. ಇಡೀ ಪಾಠದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು.

ಹಕ್ಕಿಗಳ ಬಗ್ಗೆ ಪರೀಕ್ಷೆಗೆ ಆರ್ಕಿಯೋಪ್ಟೆರಿಕ್ಸ್ ಸಾಕು: ಜರ್ಮನಿಯ ಸೋಲ್ನ್‌ಹೋಫೆನ್, 1861, ಸುಮಾರು 15 ಕೋಟಿ ವರ್ಷ ಹಿಂದಿನದು, ಗರಿಯ ಜೊತೆ ಹಲ್ಲು ಮತ್ತು ಉದ್ದನೆಯ ಮೂಳೆಬಾಲ. ಹಕ್ಕಿಗಳು ಡೈನೋಸಾರ್‌ಗಳ ಒಂದು ಕವಲು. ಮೊಸಳೆಗೆ ಹಲ್ಲಿಗಿಂತ ಮೈನಾ ಹತ್ತಿರದ ನೆಂಟ. ಮೊಸಳೆಗೂ ನಾಲ್ಕು ಕೋಣೆಯ ಹೃದಯ ಇರುವುದು ಪುಸ್ತಕದಲ್ಲಿ ಅಪವಾದ ಅಂತ ಬರುತ್ತದೆ, ನೆಂಟಸ್ತಿಕೆ ನೋಡಿದರೆ ಅದರಲ್ಲಿ ಅಚ್ಚರಿಯಿಲ್ಲ.

ಪರೀಕ್ಷೆಯಲ್ಲಿ ಮಾತ್ರ ಪುಸ್ತಕದ ವರ್ಗಗಳನ್ನೇ ಬರೆಯಿರಿ. ಅಭ್ಯಾಸಕ್ಕೆ ಒಂದು ಕವಲುಚಿತ್ರ ಬಿಡಿಸಿ, ಪ್ರತಿ ಕವಲಿನಲ್ಲಿ ಹೊಸದಾಗಿ ಬಂದ ಗುಣವನ್ನು ಗುರುತಿಸಿ. ಆಮೇಲೆ ತೊರಕೆ, ಇಕ್ತಿಯೋಫಿಸ್, ಬಾವಲಿ, ಮೊಸಳೆಗಳನ್ನು ಅದರಲ್ಲಿ ಕೂರಿಸಿ. ಕೊನೆಗೆ ಆಮೆಯನ್ನು ಇಟ್ಟುಕೊಳ್ಳಿ. ಅದರ ತಲೆಬುರುಡೆಯಲ್ಲಿ ಕಿಂಡಿಯೇ ಇಲ್ಲ, ಅದಕ್ಕೇ ಹಿಂದೆ ಅದನ್ನು ಬೇರೆಯೇ ಇಡುತ್ತಿದ್ದರು. ಡಿಎನ್‌ಎ ಹೋಲಿಸಿದಾಗ ಅದು ಮೊಸಳೆ, ಹಕ್ಕಿಗಳ ಪಕ್ಕ ಬಂದು ನಿಂತಿತು. ಇದ್ದ ಕಿಂಡಿಗಳು ಆಮೆಯ ಪೂರ್ವಜರಲ್ಲಿ ಮುಚ್ಚಿಹೋಗಿವೆ.