‘ಫೈರ್’ ಪದದ ಮುಂದೆ ಏನಿದೆ, ನೋಡಿ

ಮಡಿಕೇರಿಯಲ್ಲಿ ಅನುವಾದದ ಕೆಲಸ ಮಾಡುವ ನನ್ನ ಬಳಿಗೆ ಒಮ್ಮೆ ಕಾಫಿ ತೋಟದ ಕಾವಲುಗಾರರೊಬ್ಬರ ದೂರು ಬಂತು. ಇಂಗ್ಲಿಷಿಗೆ ಬೇರೆಯವರು ತಂದಿದ್ದರು, ನಾನು ತಾಳೆ ನೋಡಬೇಕಿತ್ತು. ಕನ್ನಡದಲ್ಲಿ ಅವರು ಹೇಳಿದ್ದು ‘ನನ್ನ ಮೇಲೆ ಗುಂಡು ಹಾರಿಸಿದರು’ ಎಂದು. ಇಂಗ್ಲಿಷಿನಲ್ಲಿದ್ದದ್ದು ‘ದೇ ಫೈರ್ಡ್ ಮಿ’. ಅಂದರೆ, ನನ್ನನ್ನು ಕೆಲಸದಿಂದ ತೆಗೆದರು! ನಡುವೆ ಇರಬೇಕಿದ್ದ ‘ಅಟ್’ ಬಿಟ್ಟುಹೋಗಿ, ಪ್ರಾಣಕ್ಕೆ ಬಂದ ಕುತ್ತು ಕೂಲಿಯ ತಕರಾರಾಗಿತ್ತು. ಗುಂಡು ಅವರಿಗೆ ತಗುಲಿರಲಿಲ್ಲ. ಮೈಮೇಲೆ ಗಾಯವಿಲ್ಲದವರಿಗೆ ಆ ಒಂದು ವಾಕ್ಯವೇ ಆಧಾರ.

ಬೇರೆ ಊರಿನವರಾಗಿದ್ದರೆ ಓದಿ ಅನುಮಾನಿಸುತ್ತಿದ್ದರೇನೋ. ಕೊಡಗಿನಲ್ಲಿ ಎರಡು ಅರ್ಥವೂ ನಂಬುವಂಥದ್ದೇ. ತೋಟದಲ್ಲಿ ಕೆಲಸ ಹೋಗುವುದುಂಟು, ಮನೆಯಲ್ಲಿ ಕೋವಿ ಇರುವುದೂ ಉಂಟು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ. ನಮ್ಮ ಸುಗ್ಗಿ ಹಬ್ಬ ಹುತ್ತರಿಯಲ್ಲಿ ಕದಿರು ತೆಗೆಯುವ ಹೊತ್ತಿಗೆ ಆಕಾಶಕ್ಕೆ ಗುಂಡು ಹಾರಿಸುವ ಜನ ನಾವು. ‘ಫೈರ್’ ನಮಗೆ ನಿಘಂಟಿನೊಳಗಿನ ಪದವಲ್ಲ.

ಬೆಂಕಿಗೂ ಕೋವಿಗೂ ನಂಟು ಬಂದದ್ದು ಹೇಗೆ? ಹಿಂದಿನ ಕೋವಿಗಳಲ್ಲಿ ಉರಿಯುವ ಬತ್ತಿಯನ್ನು ಮದ್ದಿಗೆ ಮುಟ್ಟಿಸಬೇಕಿತ್ತು. ಮದ್ದಿಗೆ ಬೆಂಕಿ ಕೊಡುವುದೇ ಸಿಡಿಸುವುದಾಯಿತು. ಇಂಗ್ಲಿಷಿನವರ ಕಣ್ಣು ಮದ್ದಿನ ಮೇಲೆ ನಿಂತಿತು, ನಮ್ಮ ಕಣ್ಣು ಹೊರಟ ಗುಂಡನ್ನು ಹಿಂಬಾಲಿಸಿತು. ಅದಕ್ಕೇ ನಾವು ‘ಹಾರಿಸು’ ಎನ್ನುತ್ತೇವೆ. ನನಗೆ ಬಹಳ ಪ್ರಿಯವಾದ ವ್ಯತ್ಯಾಸವಿದು.

ಕೆಲಸದಿಂದ ತೆಗೆಯುವ ಅರ್ಥ ಹೊಸದು, 19ನೇ ಶತಮಾನದ ಅಮೆರಿಕದ್ದು. ‘ಡಿಸ್ಚಾರ್ಜ್’ ಎಂಬ ಪದಕ್ಕೆ ಗುಂಡು ಸಿಡಿಸುವುದು, ಕೆಲಸದಿಂದ ಬಿಡಿಸುವುದು ಎರಡೂ ಅರ್ಥವಿರುವುದರಿಂದ ಹುಟ್ಟಿದ ಶ್ಲೇಷೆ ಇದೆಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಇಲ್ಲಿಯೂ ಎಚ್ಚರ ಬೇಕು. ‘ಫೈರ್ಡ್’ ಎಂದರೆ ತಪ್ಪು ಮಾಡಿದ್ದಕ್ಕೆ ತೆಗೆದರು ಎಂಬ ಧ್ವನಿಯಿದೆ. ಬೆಳೆ ಕಡಿಮೆಯಾಗಿ ಆಳುಗಳನ್ನು ಇಳಿಸಿದ ತೋಟದ ಪತ್ರದಲ್ಲಿ ಈ ಪದ ಬಂದರೆ, ಏನೂ ತಪ್ಪು ಮಾಡದವರ ಹೆಸರಿಗೆ ಕಲೆ ಹತ್ತುತ್ತದೆ. ಅಂಥವರ ಪತ್ರದಲ್ಲಿ ನಾನು ಈ ಪದವನ್ನು ಬಳಸುವುದೇ ಇಲ್ಲ.

ಮಡಕೆ ಸುಡುವುದಕ್ಕೂ ಫೈರ್ ಎನ್ನುತ್ತಾರೆ, ಅದರಲ್ಲಿ ತೊಡಕಿಲ್ಲ. ‘ಸೀಸ್‌ಫೈರ್’ ಕನ್ನಡಕ್ಕೆ ಕದನ ವಿರಾಮವಾಗಿ ಬರುವಾಗ ಬೆಂಕಿಯನ್ನು ಪೂರ್ತಿ ಕಳಚಿಟ್ಟು ಬಂದಿದೆ. ಮಡಿಕೇರಿಯಲ್ಲೇ ಹುಟ್ಟಿದ ಜನರಲ್ ತಿಮ್ಮಯ್ಯನವರು 1953ರಲ್ಲಿ ಯುದ್ಧಕೈದಿಗಳ ವಿಷಯ ಇತ್ಯರ್ಥಪಡಿಸಲು ಕೊರಿಯಾಕ್ಕೆ ಹೋದದ್ದು ಅಂಥ ವಿರಾಮದ ನಂತರವೇ.

ಪದಗಳ ಸ್ಥಾನ ಬದಲಾದಾಗ ಮಾತ್ರ ನನಗೆ ಭಯ. ‘ಫೈರ್ ಲೈನ್’ ಎಂದರೆ ಕಾಡ್ಗಿಚ್ಚು ದಾಟದಂತೆ ಅರಣ್ಯ ಇಲಾಖೆ ಬೇಸಿಗೆಗೆ ಮುಂಚೆ ಸವರಿ ಬೋಳಾಗಿಸುವ ಬೆಂಕಿ ರೇಖೆ. ‘ಲೈನ್ ಆಫ್ ಫೈರ್’ ಎಂದರೆ ಗುಂಡು ಹಾಯುವ ದಾರಿ. ನಾಗರಹೊಳೆಯ ಅಂಚಿನಲ್ಲಿ ಕೆಲಸ ಮಾಡುವ ಬೆಂಕಿ ಕಾವಲುಗಾರರ ಬಗ್ಗೆ ಬರೆಯುವವರು ದಯವಿಟ್ಟು ಇವೆರಡನ್ನು ಬೆರೆಸಬೇಡಿ.

ಆ ದೂರಿಗೆ ‘ಅಟ್’ ಸೇರಿಸಿ, ಇಂಗ್ಲಿಷನ್ನು ವಾಕ್ಯವಾಕ್ಯವಾಗಿ ಮರಳಿ ಕನ್ನಡದಲ್ಲಿ ಹೇಳಿ ಕಾವಲುಗಾರರಿಗೆ ಕೇಳಿಸಿದೆ. ‘ಹೌದು, ನಡೆದದ್ದು ಇದೇ’ ಎಂದ ಮೇಲೆ ಅವರು ಸಹಿ ಹಾಕಿದರು.