ಗೋಡೆ ಹೋಲಿದರೆ ನೆಂಟಸ್ತಿಕೆಯೇ?

ಬೇಸಿಗೆ ರಜೆ ಮುಗಿಯಿತೆಂದರೆ ವಿದೇಶ ಸುತ್ತಿ ಬಂದವರು ಮೊಬೈಲ್ ಹಿಡಿದು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಚಿತ್ರದುರ್ಗದಲ್ಲಿದ್ದುಕೊಂಡು ಹಳೆಯ ಕಟ್ಟಡಗಳ ಕೆಲಸ ಮಾಡುವವನಿಗೆ ಇದು ತಪ್ಪಿದ್ದಲ್ಲ. ಪೆರುವಿನ ಕುಸ್ಕೊ ಇರಲಿ, ಆಫ್ರಿಕಾದಲ್ಲಿ ಹಾಳುಬಿದ್ದಿರುವ ಹಳೆಯ ಕಲ್ಲಿನ ಪಟ್ಟಣ ಗ್ರೇಟ್ ಜಿಂಬಾಬ್ವೆ ಇರಲಿ, ಮಾತು ಒಂದೇ: "ಮೇಷ್ಟ್ರೇ, ಇಲ್ಲಿಯೂ ಗಾರೆ ಇಲ್ಲ. ಥೇಟ್ ನಮ್ಮ ಕೋಟೆ. ನಮ್ಮವರೇ ಹೋಗಿ ಕಟ್ಟಿರಬೇಕು, ಅಲ್ಲವೇ?"

ಅಲ್ಲ ಸ್ವಾಮಿ. ಗಾರೆಯಿಲ್ಲದೆ ಕಲ್ಲು ಕೂರಿಸುವುದನ್ನು ಇನ್ನೊಂದು ದೇಶದವರು ಬಂದು ಹೇಳಿಕೊಡಬೇಕಾಗಿಲ್ಲ. ಒಳ್ಳೆಯ ಕಲ್ಲು ಸಿಗುವ ಕಡೆಗಳಲ್ಲಿ ಜನ ತಾವೇ ಕಲಿತಿದ್ದಾರೆ. ಗೋಡೆಯನ್ನು ದೂರದಿಂದ ನೋಡಬೇಡಿ, ಕಲ್ಲಿನ ಅಂಚು ನೋಡಿ. ಗ್ರೇಟ್ ಜಿಂಬಾಬ್ವೆಯ ಬೆಟ್ಟಗಳಲ್ಲಿ ಗ್ರಾನೈಟ್ ಬಿಸಿಲಿಗೆ ಕಾದು, ಇರುಳಿಗೆ ತಣಿದು, ಈರುಳ್ಳಿ ಸಿಪ್ಪೆಯಂತೆ ಪದರು ಪದರಾಗಿ ಏಳುತ್ತದೆ. ಶೋನಾ ಜನರ ಪೂರ್ವಿಕರು ಆ ಚಪ್ಪಡಿಗಳನ್ನು ಇಟ್ಟಿಗೆಯ ಗಾತ್ರಕ್ಕೆ ಒಡೆದು, 11ರಿಂದ 15ನೆಯ ಶತಮಾನದ ನಡುವೆ, ಕೆಲವೆಡೆ ಸುಮಾರು 11 ಮೀಟರ್ ಎತ್ತರಕ್ಕೆ ಪೇರಿಸಿದರು. ನಮ್ಮ ಕೋಟೆಯದು ಬೇರೆ ಕಸುಬು: ಬಂಡೆಗೆ ಸಾಲಾಗಿ ಗುಳಿ ಹೊಡೆದು, ಬೆಣೆ ಬಡಿದು ಸೀಳಿದ ದಪ್ಪ ಕಲ್ಲು. ಅರ್ಧ ಸೀಳಿದ ಗುಳಿಗಳ ಮೇಲೆ ಬೆರಳಾಡಿಸಿ ನೋಡಬಹುದು. ಕುಸ್ಕೊ ಕಟ್ಟಿದ ಇಂಕಾಗಳ ಬಳಿ ಕಬ್ಬಿಣವೇ ಇರಲಿಲ್ಲ. ಅವರು ಕಲ್ಲನ್ನು ಕಲ್ಲಿನಿಂದಲೇ ಕುಟ್ಟಿ ಸಂದಿಗೆ ಸಂದಿ ಕೂಡಿಸಿದರು. ಮೂರೂ ಕಡೆ ಗಾರೆ ಇಲ್ಲ, ನಿಜ. ಕೈಗಳು ಮಾತ್ರ ಬೇರೆ ಬೇರೆ.

ಯಾರೋ ಕಟ್ಟಿದ್ದನ್ನು ಇನ್ಯಾರದೋ ಎನ್ನುವ ಈ ಚಟ ನಮ್ಮೊಬ್ಬರದೇ ಅಲ್ಲ ಎಂಬುದೊಂದು ಸಮಾಧಾನ. 1871ರಲ್ಲಿ ಗ್ರೇಟ್ ಜಿಂಬಾಬ್ವೆ ತಲುಪಿದ ಜರ್ಮನಿಯ ಅನ್ವೇಷಕ ಕಾರ್ಲ್ ಮೌಖ್ ಅಲ್ಲಿನ ಬಾಗಿಲ ಮೇಲಿನ ತೊಲೆಯಿಂದ ಒಂದು ಚಕ್ಕೆ ಕಿತ್ತ. ಅದರ ಬಣ್ಣ, ವಾಸನೆ ತನ್ನ ಪೆನ್ಸಿಲ್ಲಿನ ಮರದಂತೆಯೇ ಇದೆ ಎನಿಸಿತು. ಪೆನ್ಸಿಲ್ಲು ಸೀಡರ್ ಮರದ್ದು, ಸೀಡರ್ ಲೆಬನಾನಿನದು, ಆದ್ದರಿಂದ ಇದು ಬೈಬಲ್ಲಿನಲ್ಲಿ ಸೊಲೊಮನ್ ದೊರೆಯನ್ನು ಕಾಣಲು ಬರುವ ಶೀಬಾ ರಾಣಿಯ ಅರಮನೆ! ಪುರಾತತ್ವ ತಜ್ಞರಾದ ರ್‍ಯಾಂಡಲ್ ಮ್ಯಾಕೈವರ್ 1905ರಲ್ಲಿ, 1929ರಲ್ಲಿ ಗರ್ಟ್ರೂಡ್ ಕೇಟನ್ ಥಾಂಪ್ಸನ್ ಅಗೆದು ನೋಡಿ ಇದು ಆಫ್ರಿಕನ್ನರದೇ ಕೆಲಸ ಎಂದರೂ ಅಲ್ಲಿ ಆಗ ಆಳುತ್ತಿದ್ದ ಬಿಳಿಯರ ಸರ್ಕಾರಕ್ಕೆ ಅದು ರುಚಿಸಲಿಲ್ಲ. ಕಟ್ಟಿದವರ ಹೆಸರು ಕಸಿದುಕೊಳ್ಳುವುದು ಹೀಗೆ. ನಾವೂ ಅದನ್ನೇ ಮಾಡಬೇಕೇ?

ಹಾಗೆಂದು ಸಂಬಂಧವೇ ಇರಲಿಲ್ಲ ಎಂದು ನಾನು ಹೇಳಲಾರೆ. ದಾವಣಗೆರೆಯ ಅಕ್ಕಿ ವ್ಯಾಪಾರಿ ಮಿತ್ರರೊಬ್ಬರಿಗೆ ಇದನ್ನೆಲ್ಲ ವಿವರಿಸಿದಾಗ ಅವರ ಮುಖ ಬಾಡಿತು. ಪಾಪ, ಅಷ್ಟು ದೂರ ಹೋಗಿ ಬಂದಿದ್ದರು. ಆಗ ಮಣಿಗಳ ವಿಷಯ ಹೇಳಿದೆ. ಗ್ರೇಟ್ ಜಿಂಬಾಬ್ವೆಯಲ್ಲಿ ಚೀನಾದ ಪಿಂಗಾಣಿ ಚೂರುಗಳ ಜೊತೆ ಭಾರತದ ಗಾಜಿನ ಮಣಿಗಳೂ ಸಿಕ್ಕಿವೆ. ಕಡಲ ವ್ಯಾಪಾರದಲ್ಲಿ ಕೈಯಿಂದ ಕೈಗೆ ದಾಟಿ ಹೋದ ಸರಕು ಅದು. ಮಣಿ ಹೋಗಿದೆ ಎಂದ ಮಾತ್ರಕ್ಕೆ ಕಲ್ಲುಕುಟಿಗ ಹೋದ ಎಂದಾಗುವುದಿಲ್ಲ. ಆದರೂ ಅವರು ತಟ್ಟನೆ ನೆಟ್ಟಗೆ ಕುಳಿತು, "ಹಾಗಾದರೆ ನಮ್ಮ ಕಡೆಯ ವ್ಯಾಪಾರಿಗಳು..." ಎಂದು ಮತ್ತೆ ಶುರು ಮಾಡಿದರು.

ಮುಂದಿನ ಸಲ ಹೋಗುವವರು ಗೋಡೆಯ ಮುಂದೆ ನಿಂತು ಸೆಲ್ಫಿ ತೆಗೆಯುವ ಬದಲು ಗೋಡೆಯ ಬುಡ, ಮೂಲೆ, ಉಳಿಯ ಗುರುತು, ಇಷ್ಟರ ಫೋಟೊ ತನ್ನಿ. ಗಾತ್ರ ತಿಳಿಯಲು ಪಕ್ಕದಲ್ಲೊಂದು ಪೆನ್ನಿಡಿ. ಕಾಫಿ ನಮ್ಮ ಮನೆಯಲ್ಲೇ.